ಗೂಗಲ್ ಡ್ರೈವ್‌ನಲ್ಲಿದೆ, ಮತ್ತೆ ಬ್ಯಾಕಪ್ ಯಾಕೆ?

ಪ್ರಶ್ನೆ (ಕಲಬುರಗಿ): ನಮಸ್ಕಾರ ಸರ್. ನಮ್ಮದು ಆಳಂದ ಕಡೆಯ ತೊಗರಿ ಬೆಳೆಗಾರರ ಕಂಪನಿ, ಆಫೀಸು ಕಲಬುರಗಿಯಲ್ಲಿದೆ. ಮೇಲ್, ಖರೀದಿ ಲೆಕ್ಕ, ರೈತರ ಪಹಣಿ, ಪಾಸ್‌ಬುಕ್ ಪ್ರತಿ ಎಲ್ಲಾ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿವೆ. ಅಕೌಂಟೆಂಟ್ ಮುಂದಿನ ತಿಂಗಳು ಕೆಲಸ ಬಿಡ್ತಾರೆ. ಖಾತೆ ಅಳಿಸಿ, ಲೈಸೆನ್ಸ್ ದುಡ್ಡು ಉಳಿಸಿ ಅಂತಾರೆ ನಿರ್ದೇಶಕರು. ಓಪನ್ ಸೋರ್ಸ್‌ನಲ್ಲಿ ಬ್ಯಾಕಪ್‌ಗೆ ದಾರಿ ಇದೆಯಾ?

ಉತ್ತರ: ಇದೆ ಮೇಡಂ. ಆದರೆ ಮೊದಲು ಆ ಖಾತೆಗೆ ಕೈ ಹಚ್ಚಬೇಡಿ. ವರ್ಕ್‌ಸ್ಪೇಸ್‌ನಲ್ಲಿ ಅಳಿಸಿದ ಖಾತೆಯನ್ನು 20 ದಿನದೊಳಗೆ ಮಾತ್ರ ವಾಪಸ್ ತರಬಹುದು. ಡ್ರೈವ್ ಫೈಲ್ ಅಳಿಸಿದರೆ 30 ದಿನ ಟ್ರ್ಯಾಶ್‌ನಲ್ಲಿರುತ್ತದೆ. ಆಮೇಲೆ ಅಡ್ಮಿನ್‌ಗೆ ಇನ್ನು 25 ದಿನ ಅವಕಾಶ. ಮಾರ್ಚ್ ಲೆಕ್ಕ ಆಡಿಟ್‌ಗೆ ಬರೋದು ಎಷ್ಟು ತಿಂಗಳಾದ ಮೇಲೆ ಅಲ್ವಾ? ಗೂಗಲ್ ತನ್ನ ಯಂತ್ರ ಕೆಟ್ಟರೆ ನಿಮ್ಮ ಡೇಟಾ ಕಾಯುತ್ತದೆ. ನಿಮ್ಮವರೇ ಅಳಿಸಿದ್ದನ್ನು ಹೀಗೆ ಕೆಲವು ದಿನ ಮಾತ್ರ ಇಟ್ಟುಕೊಳ್ಳುತ್ತದೆ. ಇದನ್ನು ನಿರ್ದೇಶಕರಿಗೆ ಬಿಡಿಸಿ ಹೇಳಿ.

ಅಕೌಂಟೆಂಟ್ ಫೈಲ್‌ಗಳ ಮಾಲೀಕತ್ವವನ್ನು ಬೇರೆಯವರಿಗೆ ವರ್ಗಾಯಿಸಿ. ಸಾಧ್ಯವಾದರೆ ಶೇರ್ಡ್ ಡ್ರೈವ್‌ಗೆ ಹಾಕಿ, ಅಲ್ಲಿ ಫೈಲು ಸಂಸ್ಥೆಯದ್ದೇ ಆಗುತ್ತದೆ.

ಮೇಲ್‌ಗೆ ‘ಗಾಟ್ ಯುವರ್ ಬ್ಯಾಕ್’ ಅನ್ನೋ ಉಚಿತ ಸಾಧನ ಇದೆ. ಜಿಮೇಲ್‌ನ ಒಂದೊಂದು ಮೇಲನ್ನೂ ಬೇರೆ ಬೇರೆ ಫೈಲಾಗಿ ಇಳಿಸುತ್ತದೆ, ಲೇಬಲ್ ಸಮೇತ ವಾಪಸ್ ಏರಿಸುತ್ತದೆ. ಡ್ರೈವ್‌ಗೆ ಆರ್‌ಕ್ಲೋನ್, ಕ್ಲೌಡ್‌ನಲ್ಲಿರುವ ಫೈಲುಗಳನ್ನು ಕಾಪಿ ಮಾಡುವ ಉಚಿತ ಸಾಧನ. ಅಡ್ಮಿನ್ ಒಂದು ಸರ್ವಿಸ್ ಅಕೌಂಟ್ (ಜನರಿಗಲ್ಲ, ಸಾಧನಗಳಿಗೆ ಕೊಡುವ ಖಾತೆ) ಮಾಡಿ ನಿಮ್ಮ ಸಂಸ್ಥೆಯ ಡೊಮೇನ್ ಪೂರ್ತಿ ಅನುಮತಿ ಕೊಟ್ಟರೆ, ಯಾರ ಪಾಸ್‌ವರ್ಡೂ ಕೇಳದೆ ಎಲ್ಲರ ಡ್ರೈವ್ ಇಳಿಸಬಹುದು. ಹಾಗಾಗಿ ಆ ಖಾತೆ ತೆರೆಯುವ ಕೀ ಫೈಲನ್ನು ಬೀಗ ಹಾಕಿದಷ್ಟು ಜೋಪಾನವಾಗಿಡಿ.

ಆರ್‌ಕ್ಲೋನ್‌ನಲ್ಲಿ ಜನ ತಪ್ಪೋದು ಒಂದು ಕಡೆ: ‘ಸಿಂಕ್’ ಆಜ್ಞೆ. ಮೂಲದಲ್ಲಿ ಅಳಿದದ್ದನ್ನು ಅದು ನಿಮ್ಮ ಡಿಸ್ಕಿನಲ್ಲೂ ಅಳಿಸುತ್ತದೆ. ‘ಕಾಪಿ’ ಅಳಿಸುವುದಿಲ್ಲ, ಆದರೆ ಬದಲಾದ ಫೈಲಿನ ಮೇಲೆ ಹೊಸದನ್ನು ಬರೆಯುತ್ತದೆ. ಅದಕ್ಕೇ ಇಳಿಸಿದ್ದನ್ನು ರೆಸ್ಟಿಕ್ ಅನ್ನೋ ಬ್ಯಾಕಪ್ ಸಾಧನಕ್ಕೆ ಒಪ್ಪಿಸಿ. ಅದು ದಿನದ ಲೆಕ್ಕದಲ್ಲಿ ಸ್ನ್ಯಾಪ್‌ಶಾಟ್ (ಆ ಹೊತ್ತಿಗೆ ಫೈಲು ಹೇಗಿತ್ತೋ ಹಾಗೇ ಪ್ರತಿ) ಇಡುತ್ತದೆ, ಒಂದೇ ಡೇಟಾವನ್ನು ಎರಡೆರಡು ಸಲ ಇಡುವುದಿಲ್ಲ, ಎಲ್ಲವನ್ನೂ ಎನ್‌ಕ್ರಿಪ್ಟ್ ಮಾಡುತ್ತದೆ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಇಡುತ್ತದೆ. ರೈತರ ಬ್ಯಾಂಕ್ ವಿವರ ಇರುವಾಗ ಎನ್‌ಕ್ರಿಪ್ಶನ್ ಇಲ್ಲದ ಡಿಸ್ಕು ಯಾರ ಕೈಗೂ ಸಿಗಬಾರದು. ರೆಸ್ಟಿಕ್ ಪಾಸ್‌ವರ್ಡ್ ಕಳೆದರೆ ಡೇಟಾ ಯಾರಿಗೂ ತೆರೆಯಲು ಬರುವುದಿಲ್ಲ, ಮಾಡಿದವರಿಗೂ ಇಲ್ಲ. ಕಾಗದದಲ್ಲಿ ಬರೆದು ತಿಜೋರಿಯಲ್ಲಿಡಿ.

ಪ್ರಶ್ನೆ: ಗೂಗಲ್ ಶೀಟ್ ಇದ್ದ ಹಾಗೇ ಬರುತ್ತಾ ಸರ್? ಡಿಸ್ಕ್ ಆಫೀಸಿನಲ್ಲೇ ಇಟ್ಟರೆ ಸಾಕಾ?

ಉತ್ತರ: ಇದ್ದ ಹಾಗೇ ಬರುವುದಿಲ್ಲ. ಶೀಟ್ ಎಕ್ಸೆಲ್ ಫೈಲಾಗಿ, ಡಾಕ್ ವರ್ಡ್ ಫೈಲಾಗಿ ಇಳಿಯುತ್ತದೆ. ಅಂಕಿಗಳು ಬರುತ್ತವೆ. ಶೀಟಿನೊಳಗೆ ಬರೆದ ಆಪ್ಸ್ ಸ್ಕ್ರಿಪ್ಟ್ (ಕೆಲಸ ತಾನಾಗಿ ಆಗಲು ಬರೆದ ಕೋಡ್) ಬರುವುದಿಲ್ಲ, ಅದನ್ನು ಬೇರೆಯಾಗಿ ಕಾಪಿ ಮಾಡಿಡಿ. ಇನ್ನೊಂದು: ‘ಶೇರ್ಡ್ ವಿತ್ ಮಿ’ಯಲ್ಲಿ ಮಾತ್ರ ಕಾಣುವ ಫೈಲುಗಳನ್ನು ಆರ್‌ಕ್ಲೋನ್ ತಾನಾಗಿ ಇಳಿಸುವುದಿಲ್ಲ. ಅವುಗಳನ್ನು ಮಾಲೀಕರ ಖಾತೆಯಿಂದಲೇ ಬ್ಯಾಕಪ್ ಮಾಡೋದು ಒಳ್ಳೇದು.

ಡಿಸ್ಕ್ ಆಫೀಸಿನಲ್ಲಿ ಒಂದಿರಲಿ, ಬೇರೆ ಕಡೆ ಇನ್ನೊಂದು ಪ್ರತಿ ಇರಲಿ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಕರೆಂಟ್ ಹೋಗಿ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಡಿಸ್ಕು ಬಿಸಿಯಾಗದಂತೆ ನೋಡಿಕೊಳ್ಳಿ, ಯುಪಿಎಸ್ ಹಾಕಿ. ತಿಂಗಳಿಗೊಮ್ಮೆ ಹಳೆಯ ಒಂದು ಖರೀದಿ ಶೀಟನ್ನು ಬ್ಯಾಕಪ್‌ನಿಂದ ತೆಗೆದು, ಮೊತ್ತ ಸರಿ ಇದೆಯಾ ನೋಡಿ. ಸುಮ್ನೆ ‘ಸಕ್ಸಸ್’ ಅಂತ ಬಂದದ್ದನ್ನು ನಂಬಬೇಡಿ.

ಪ್ರಶ್ನೆ (ಬೀದರ್): ನಮ್ಮ ಕಾಲೇಜಿನಲ್ಲಿ ಮೈಕ್ರೋಸಾಫ್ಟ್ 365 ಇದೆ. ಕೋರ್ಸೋ ಹಾಕಬಹುದಾ ಸರ್?

ಉತ್ತರ: ಕೋರ್ಸೋ ಇದಕ್ಕೇ ಬರೆದ ಓಪನ್ ಸೋರ್ಸ್ ಸಾಧನ. ಎಕ್ಸ್‌ಚೇಂಜ್ ಮೇಲ್, ಒನ್‌ಡ್ರೈವ್, ಶೇರ್‌ಪಾಯಿಂಟ್ ಮೂರನ್ನೂ ತೆಗೆಯುತ್ತದೆ. ಆದರೆ ಅದನ್ನು ಕಟ್ಟಿದ ಆಲ್ಸಿಯಾನ್ ಕಂಪನಿಯನ್ನು 2024ರಲ್ಲಿ ವೀಮ್ ಅನ್ನೋ ಬ್ಯಾಕಪ್ ಕಂಪನಿ ಕೊಂಡುಕೊಂಡಿತು. ಮುಂದೆ ಕೋರ್ಸೋವನ್ನು ತಿದ್ದಿ ನಡೆಸುವವರು ಇರುತ್ತಾರೆ ಅನ್ನೋ ಖಾತ್ರಿ ಇಲ್ಲ, ಹಾಗಾಗಿ ಹೊಸದಾಗಿ ಶುರು ಮಾಡುವವರಿಗೆ ನಾನು ಇದನ್ನು ಹೇಳುವುದಿಲ್ಲ. ಮೈಕ್ರೋಸಾಫ್ಟ್ ತನ್ನ ಎಪಿಐ (ಹೊರಗಿನ ಸಾಧನಗಳು ಡೇಟಾ ಕೇಳುವ ದಾರಿ) ಬದಲಿಸುತ್ತಲೇ ಇರುತ್ತದೆ. ತಿದ್ದುವವರಿಲ್ಲದ ಸಾಧನ ಒಂದು ದಿನ ನಿಲ್ಲುತ್ತದೆ. ಒನ್‌ಡ್ರೈವ್, ಶೇರ್‌ಪಾಯಿಂಟ್‌ಗೆ ಆರ್‌ಕ್ಲೋನೇ ನಡೆಯುತ್ತದೆ, ಅದರ ಮೇಲೆ ರೆಸ್ಟಿಕ್. ಮೇಲ್‌ಬಾಕ್ಸ್‌ಗೆ ಮಾತ್ರ ಬೇರೆ ದಾರಿ ಹುಡುಕಬೇಕು. ದುಡ್ಡು ಕೊಟ್ಟು ತಗೊಳ್ಳೋದೇ ಆದರೆ ಅಷ್ಟಕ್ಕೆ ಮಾತ್ರ ತಗೊಳ್ಳಿ. ಮೈಕ್ರೋಸಾಫ್ಟ್ 365ರಲ್ಲಿ ಅಳಿಸಿದ ಖಾತೆಗೆ 30 ದಿನ, ಶೇರ್‌ಪಾಯಿಂಟ್ ಕಸದ ಬುಟ್ಟಿಗೆ 93 ದಿನ ಅವಧಿ. ನಿಮ್ಮಲ್ಲಿ ವಿದ್ಯಾರ್ಥಿಗಳ ಅಂಕಪಟ್ಟಿ ಇದ್ದರೆ ಅದರಿಂದಲೇ ಶುರು ಮಾಡಿ.