ಕ್ಯಾಂಪರ್ ವ್ಯಾನಿನಲ್ಲಿ ಫ್ಯೂಸು ಪದೇ ಪದೇ ಹೋಗುತ್ತಿದ್ದರೆ ದೊಡ್ಡ ಫ್ಯೂಸು ಹಾಕಬಹುದೇ?

ಪ್ರಶ್ನೆ: ನಮ್ಮ ವ್ಯಾನಿನ 12 ವೋಲ್ಟ್ ಲಿಥಿಯಂ ಬ್ಯಾಟರಿಯಿಂದ 5 ಮೀಟರ್ ದೂರದ ಫ್ರಿಜ್‌ಗೆ 1.5 ಚದರ ಮಿ.ಮೀ. ತಾಮ್ರದ ವೈರು ಎಳೆದು, ಅದರಿಂದಲೇ ನೀರಿನ ಪಂಪಿಗೂ ದೀಪಗಳಿಗೂ ಸಂಪರ್ಕ ಕೊಟ್ಟಿದ್ದೇನೆ. ಪಂಪು ಓಡುವಾಗ 10 ಆಂಪಿಯರ್ ಫ್ಯೂಸು ಹೋಗುತ್ತದೆ; ಬ್ಯಾಟರಿ ತುಂಬಿದ್ದರೂ ಫ್ರಿಜ್ ಆಗಾಗ ನಿಲ್ಲುತ್ತದೆ. 30 ಆಂಪಿಯರ್ ಫ್ಯೂಸು ಹಾಕಿದರೆ ಸರಿಹೋಗುವುದೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಫ್ಯೂಸು ಉಪಕರಣವನ್ನು ಕಾಯುತ್ತದೆ ಎಂದು ಅನೇಕರು ಭಾವಿಸುತ್ತಾರೆ, ಆದರೆ ಅದು ಮೊದಲು ಕಾಯಬೇಕಾದದ್ದು ವೈರನ್ನು. ಹಲಗೆಯ ಹಿಂದೆ, ಗಾಳಿಯಾಡದ ಜಾಗದಲ್ಲಿ ಹಾದುಹೋಗುವ 1.5 ಚದರ ಮಿ.ಮೀ. ವೈರಿಗೆ 15 ಆಂಪಿಯರ್‌ಗಿಂತ ದೊಡ್ಡ ಫ್ಯೂಸನ್ನು ನಾನು ಎಂದೂ ಒಪ್ಪುವುದಿಲ್ಲ. ಎಲ್ಲೋ ಒಂದು ಕಡೆ ದೋಷವುಂಟಾಗಿ 25 ಆಂಪಿಯರ್ ಹರಿಯತೊಡಗಿದರೆ 30ರ ಫ್ಯೂಸು ಸುಮ್ಮನೇ ಇರುತ್ತದೆ, ವೈರಿನ ಹೊದಿಕೆ ಮಾತ್ರ ಬಿಸಿಯಾಗಿ ಮೆತ್ತಗಾಗುತ್ತದೆ. ನೀವು ಮಲಗುವ ಜಾಗದಿಂದ ಅದು ಒಂದು ಗೇಣು ದೂರದಲ್ಲಿರಬಹುದು.

ಫ್ರಿಜ್ ನಿಲ್ಲುವುದಕ್ಕೂ ಆ ವೈರೇ ಕಾರಣವೆಂದು ತೋರುತ್ತದೆ. ಫ್ರಿಜ್ 5, ಪಂಪು 6, ದೀಪಗಳು 2 ಎಂದು ಹಿಡಿದರೆ ಒಟ್ಟು 13 ಆಂಪಿಯರ್. ಹೋಗುವ ಮತ್ತು ಮರಳುವ ವೈರು ಸೇರಿ 10 ಮೀಟರ್ ಆಗುವುದರಿಂದ ಅದರ ರೋಧ ಸುಮಾರು 0.117 ಓಮ್, ಅಂದರೆ ದಾರಿಯಲ್ಲೇ 1.5 ವೋಲ್ಟ್ ಕಳೆದುಹೋಗುತ್ತದೆ. ಕಂಪ್ರೆಸರ್ ಆರಂಭವಾಗುವ ಗಳಿಗೆಯಲ್ಲಿ ಈ ನಷ್ಟ ಇನ್ನೂ ಹೆಚ್ಚುವುದರಿಂದ, ಬ್ಯಾಟರಿ ಬರಿದಾಗಿದೆ ಎಂದು ತಿಳಿದು ಫ್ರಿಜ್ ತಾನಾಗಿಯೇ ಆಫ್ ಆಗುತ್ತದೆ. ಫ್ರಿಜ್‌ಗೆಂದೇ 4 ಚದರ ಮಿ.ಮೀ. ವೈರು ಎಳೆದು 15 ಆಂಪಿಯರ್ ಫ್ಯೂಸು ಹಾಕಿ. ಆಗ ನಷ್ಟ 0.22 ವೋಲ್ಟಿಗೆ ಇಳಿಯುತ್ತದೆ. ಪಂಪು ಮತ್ತು ದೀಪಗಳಿಗೆ 2.5 ಚದರ ಮಿ.ಮೀ. ವೈರೂ 15 ಆಂಪಿಯರ್ ಫ್ಯೂಸೂ ಸಾಕು.

ಮರುಪ್ರಶ್ನೆ: ಮುಂದೆ 1000 ವ್ಯಾಟ್ ಇನ್ವರ್ಟರ್ ಜೋಡಿಸಬೇಕೆಂದಿದ್ದೇನೆ. ಅದಕ್ಕೆ ಮನೆಯಲ್ಲಿ ಬಳಸುವ ಎಂಸಿಬಿ (ಮಿತಿ ಮೀರಿ ವಿದ್ಯುತ್ತು ಹರಿದಾಗ ತಾನಾಗಿಯೇ ಆಫ್ ಆಗುವ ಸ್ವಿಚ್ಚು) ಆಗುವುದೇ?

ಉತ್ತರ: ಆಗುವುದಿಲ್ಲ. ಮನೆಯ ಎಸಿ ವಿದ್ಯುತ್ತು ಸೆಕೆಂಡಿಗೆ ನೂರು ಬಾರಿ ಸೊನ್ನೆಗೆ ಇಳಿಯುವುದರಿಂದ ಸಂಪರ್ಕ ಬಿಟ್ಟಾಗ ಹುಟ್ಟುವ ಕಿಡಿ ಬೇಗನೆ ಆರುತ್ತದೆ. ಬ್ಯಾಟರಿಯ ಡಿಸಿ ವಿದ್ಯುತ್ತು ಹಾಗೆ ಸೊನ್ನೆಗೆ ಇಳಿಯದೆ ಒಂದೇ ಸಮನೆ ಹರಿಯುವುದರಿಂದ ಕಿಡಿಗೆ ಆರುವ ಆ ಅವಕಾಶವಿಲ್ಲ. ಬ್ಯಾಟರಿ 11 ವೋಲ್ಟಿಗೆ ಇಳಿದಾಗ ಈ ಇನ್ವರ್ಟರ್ ತನ್ನ ಸ್ವಂತ ನಷ್ಟವೂ ಸೇರಿ ಸುಮಾರು 100 ಆಂಪಿಯರ್ ಎಳೆಯುತ್ತದೆ. ಆದ್ದರಿಂದ 35 ಚದರ ಮಿ.ಮೀ. ಕೇಬಲ್, 125 ಆಂಪಿಯರ್ ಫ್ಯೂಸು ಬಳಸಿ, ಕೇಬಲ್ಲನ್ನು ಒಂದು ಮೀಟರಿನೊಳಗೆ ಮುಗಿಸಿ. ಶಾರ್ಟ್ ಆದಾಗ ಲಿಥಿಯಂ ಬ್ಯಾಟರಿ ಸಾವಿರಾರು ಆಂಪಿಯರ್ ಸುರಿಯಬಲ್ಲದು. ಅದನ್ನು ಕತ್ತರಿಸುವ ಶಕ್ತಿಯುಳ್ಳ ಕ್ಲಾಸ್ ಟಿ ಫ್ಯೂಸನ್ನೇ ಕೊಳ್ಳಿ. ಅದನ್ನು ಬ್ಯಾಟರಿಯ ಪಾಸಿಟಿವ್ ತುದಿಗೆ ಆದಷ್ಟು ಹತ್ತಿರ ಇಡಿ, ಏಕೆಂದರೆ ಆ ತುದಿಗೂ ಫ್ಯೂಸಿಗೂ ನಡುವಿನ ಕೇಬಲ್ಲಿಗೆ ಯಾವ ರಕ್ಷಣೆಯೂ ಇರುವುದಿಲ್ಲ. ಕೇಬಲ್ಲಿನ ತುದಿಗೆ ಹಾಕುವ ಲೋಹದ ಲಗ್‌ಗಳನ್ನು ಸುತ್ತಿಗೆಯಿಂದ ಬಡಿಯದೆ ಸರಿಯಾದ ಕ್ರಿಂಪಿಂಗ್ ಟೂಲಿನಿಂದಲೇ ಒತ್ತಿಸಿ. ಅರ್ಧ ಗಂಟೆ ಪೂರ್ಣ ಹೊರೆಯಲ್ಲಿ ನಡೆಸಿ, ಇನ್ವರ್ಟರ್ ಆಫ್ ಮಾಡಿದ ಕೂಡಲೇ ಪ್ರತಿ ಜೋಡಣೆಯ ಬಳಿಯೂ ಕೈಯಿಟ್ಟು ನೋಡಿ. ಒಂದು ಲಗ್ ಮಾತ್ರ ಉಳಿದವುಗಳಿಗಿಂತ ಬಿಸಿಯಾಗಿದ್ದರೆ ಅದನ್ನು ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿ.