ಮೆದುಳೇ ಮೂಡದ ಕಪ್ಪೆಯ ಭ್ರೂಣದಲ್ಲಿ ಸೆರಟೋನಿನ್‌ಗೆ ಏನು ಕೆಲಸ?

ಫೋಂಡಾ ಔಷಧದಂಗಡಿ:
ಊರು ಹಾವೇರಿ, ಈಗ ಫೋಂಡಾದಲ್ಲಿ ನಮ್ಮದೊಂದು ಔಷಧದ ಅಂಗಡಿ. ಕಳೆದ ವಾರ ಹಿತ್ತಲಿನ ಬಟ್ಟೆ ಒಗೆಯುವ ತೊಟ್ಟಿಯ ಗೋಡೆಗೆ ಮುಷ್ಟಿಯಷ್ಟು ನೊರೆ ಅಂಟಿಕೊಂಡಿತ್ತು. ಸಾಬೂನಿನದೆಂದು ಉಜ್ಜಲು ಹೋದರೆ ಒಂಬತ್ತನೆಯ ತರಗತಿಯ ಮಗಳು ಚೀರಿದಳು: “ಅಮ್ಮಾ, ಅದು ಮರಗಪ್ಪೆಯ ಗೂಡು!” ಅಂದಿನಿಂದ ತೊಟ್ಟಿ ಅವಳ ಪಾಲು, ಬಟ್ಟೆ ಬಚ್ಚಲುಮನೆಯ ಪಾಲು.

ಈಗ ಅವಳು ಎಲ್ಲಿಯೋ ಓದಿಕೊಂಡು ಬಂದು, ಕಪ್ಪೆಯ ಹೃದಯ, ಕರುಳು ಯಾವ ಕಡೆಗೆ ತಿರುಗಬೇಕೆಂಬುದರಲ್ಲಿ ಸೆರಟೋನಿನ್ ಪಾತ್ರವಿದೆ ಎನ್ನುತ್ತಾಳೆ. ನಾನು ಖಿನ್ನತೆಗೆ ಕೊಡುವ, ಸೆರಟೋನಿನ್ ಸಾಗಾಟವನ್ನು ತಡೆಯುವ ಫ್ಲೂಆಕ್ಸೆಟಿನ್ ಮಾತ್ರೆ ಎಣಿಸಿ ಕೊಡುವವಳು. ಸೆರಟೋನಿನ್ ನರಕೋಶಗಳ ನಡುವೆ ಸುದ್ದಿ ಒಯ್ಯುವ ನ್ಯೂರೋಟ್ರಾನ್ಸ್‌ಮಿಟರ್ ಎಂದೇ ಕಲಿತದ್ದು. (ಕರುಳಿನಲ್ಲಿಯೂ ಇರುತ್ತದೆ, ಅದು ಗೊತ್ತು.) ನರವೇ ಹುಟ್ಟದಿರುವಾಗ ಯಾರ ಸುದ್ದಿ, ಯಾರಿಗೆ?

ಮಾಪುಸಾ ಮೇಷ್ಟ್ರು:
ತಂಗಿ, ಮಗಳು ಸರಿಯಾಗಿಯೇ ಓದಿದ್ದಾಳೆ. ಆದರೆ ಆ ಪ್ರಯೋಗ ನಿಮ್ಮ ತೊಟ್ಟಿಯ ಕಪ್ಪೆಯದಲ್ಲ, ಆಫ್ರಿಕಾದ ಕ್ಸೆನೋಪಸ್‌ನದು. ಫಲಿತವಾದ ಸುಮಾರು 90 ನಿಮಿಷಕ್ಕೆ ಅದರ ಮೊಟ್ಟೆ ಎರಡಾಗುತ್ತದೆ. ಆಮೇಲೆ ಅರ್ಧ ಗಂಟೆಗೊಮ್ಮೆ ಒಡೆಯುತ್ತದೆ. 2005ರಲ್ಲಿ ಅಮೆರಿಕದ ಮೈಕೇಲ್ ಲೆವಿನ್ ತಂಡ ಹೇಳಿದ್ದು ಇಷ್ಟು: ಸೆರಟೋನಿನ್ ತಾಯಿಯಿಂದಲೇ ಬಂದು ಮೊಟ್ಟೆಯಲ್ಲಿರುತ್ತದೆ. ಕೋಶಕೋಶಗಳ ನಡುವೆ ಸಣ್ಣ ಕಿಂಡಿಗಳಿವೆ. ಎಡಬಲಗಳ ನಡುವೆ ವೋಲ್ಟೇಜ್ ವ್ಯತ್ಯಾಸ ಉಂಟಾದಾಗ ಧನಾವೇಶವುಳ್ಳ ಸೆರಟೋನಿನ್ ಆ ಕಿಂಡಿಗಳಲ್ಲಿ ತಳ್ಳಿಸಿಕೊಂಡು, 32 ಕೋಶಗಳಾಗುವ ಹೊತ್ತಿಗೆ ಬಲಗಡೆಯ ಒಂದು ಕೋಶದಲ್ಲಿ ಕೂಡಿಕೊಳ್ಳುತ್ತದೆ. ಅದರ ಸಾಗಾಟವನ್ನು ಔಷಧದಿಂದ ತಡೆದಾಗ ಕೆಲವು ಮರಿಗಳ ಅಂಗಗಳು ಎಡಬಲ ತಪ್ಪಿದವು. ನ್ಯೂರೋಟ್ರಾನ್ಸ್‌ಮಿಟರ್ ಎಂಬುದು ನಾವು ನರದಲ್ಲಿ ಮೊದಲು ಕಂಡು ಇಟ್ಟ ಹೆಸರು. ಇವು ನರಕ್ಕಿಂತ ಮುಂಚಿನ ಕೂಲಿಯಾಳುಗಳು.

ಪುಣೆ ಪ್ರಯೋಗಶಾಲೆ:
ಮೇಷ್ಟ್ರೇ, ಅರ್ಧ ಕಥೆ ಹೇಳಿದಿರಿ. 2012ರಲ್ಲಿ ಜರ್ಮನಿಯ ಮಾರ್ಟಿನ್ ಬ್ಲುಮ್ ತಂಡ ಇದನ್ನು ಒಪ್ಪಲಿಲ್ಲ. ಅವರ ಪ್ರಕಾರ, ಆಮೇಲಿನ ಹಂತದಲ್ಲಿ ಭ್ರೂಣದೊಳಗೆ ಸೂಕ್ಷ್ಮ ರೋಮಗಳು ಬೀಸಿ ದ್ರವವನ್ನು ಎಡಕ್ಕೆ ಹರಿಸುತ್ತವಲ್ಲ, ಆ ಜಾಗ ಸರಿಯಾಗಿ ರೂಪುಗೊಳ್ಳಲು ಸೆರಟೋನಿನ್ ಬೇಕು. ಅಂದರೆ ಬೇಕೆಂಬುದರಲ್ಲಿ ತಕರಾರಿಲ್ಲ, ಯಾವಾಗ ಮತ್ತು ಏಕೆ ಎಂಬುದರಲ್ಲಿ ಜಗಳ. ನನಗೆ ರೋಮದವರ ವಾದವೇ ಗಟ್ಟಿ ಎನ್ನಿಸುತ್ತದೆ.

ನನಗೆ ಇದಕ್ಕಿಂತ ಸೊಗಸಾಗಿ ಕಾಣುವುದು ನಿಕೋಲಸ್ ಸ್ಪಿಟ್ಜರ್ ತಂಡದ 2004ರ ಕೆಲಸ. ಎಳೆಯ ನರಕೋಶಗಳಲ್ಲಿ ಕ್ಯಾಲ್ಸಿಯಂ ಮಿಡಿತಗಳನ್ನು (ಕೋಶದೊಳಗೆ ಕ್ಯಾಲ್ಸಿಯಂ ಆಗಾಗ ಏರಿಳಿಯುವುದನ್ನು) ತಗ್ಗಿಸಿದರೆ ಗ್ಲುಟಮೇಟ್‌ನಂಥ, ಇತರ ಕೋಶಗಳನ್ನು ಕೆರಳಿಸುವ ರಾಸಾಯನಿಕ ತಯಾರಿಸುವ ಕೋಶಗಳು ಹೆಚ್ಚಿದವು. ಮಿಡಿತ ಹೆಚ್ಚಿಸಿದರೆ ಗಾಬಾದಂಥ ತಣಿಸುವವು ಹೆಚ್ಚಿದವು. ಯಾವ ರಾಸಾಯನಿಕ ಮಾಡಬೇಕೆಂದು ಕೋಶದ ಹಣೆಯಲ್ಲಿ ಮೊದಲೇ ಬರೆದಿರುವುದಿಲ್ಲ.

ವಾಸ್ಕೋ ವೈನಿ:
ಓದಿ ಗಾಬರಿಯಾಯಿತು. ನಮ್ಮ ನಾದಿನಿ ಬಸುರಿ, ಅದೇ ಫ್ಲೂಆಕ್ಸೆಟಿನ್ ಮಾತ್ರೆ ತೆಗೆದುಕೊಳ್ಳುತ್ತಾಳೆ. ಬಿಡಿಸಲೇ?

ಫೋಂಡಾ ಔಷಧದಂಗಡಿ:
ಅಕ್ಕಾ, ದಯವಿಟ್ಟು ಬಿಡಿಸಬೇಡಿ! ಬರಿಯ ಮೊಟ್ಟೆಯನ್ನು ಔಷಧದ ನೀರಿನಲ್ಲಿ ಮುಳುಗಿಸುವುದೇ ಬೇರೆ, ಹೆಂಗಸು ಮಾತ್ರೆ ನುಂಗುವುದೇ ಬೇರೆ. ಒಮ್ಮೆಲೇ ನಿಲ್ಲಿಸಿದರೆ ತಾಯಿಗೇ ತೊಂದರೆ. ವೈದ್ಯರನ್ನು ಕೇಳದೆ ಒಂದು ಗುಳಿಗೆಯನ್ನೂ ತಪ್ಪಿಸುವಂತಿಲ್ಲ.

ಮೇಷ್ಟ್ರೇ, ನಿಮ್ಮ ‘ಕೂಲಿಯಾಳು’ ಮಗಳಿಗೆ ಬಹಳ ಹಿಡಿಸಿತು. ಪುಣೆಯವರ ಉತ್ತರ ಓದಿ, “ವಿಜ್ಞಾನಿಗಳೂ ಜಗಳವಾಡುತ್ತಾರೆಯೇ?” ಎಂದು ಇನ್ನೂ ಹಿಗ್ಗಿದಳು. ನಿನ್ನೆಯ ಮಳೆಗೆ ನೊರೆ ಕರಗಿ ಗೊದಮೊಟ್ಟೆಗಳು ನೀರಿಗೆ ಉದುರಿವೆ. ಹೊಟ್ಟೆಯೊಳಗಿನ ಕರುಳಿನ ಸುರುಳಿ ಕಂಡೀತೇನೋ ಎಂದು ಅವಳು ಭೂತಕನ್ನಡಿ ಹಿಡಿದು ಕುಳಿತಿದ್ದಾಳೆ. ಬಟ್ಟೆ ಇನ್ನೂ ಬಚ್ಚಲುಮನೆಯಲ್ಲೇ.