‘ದಂತ ಕೆತ್ತಿದ ಪೆಟ್ಟಿಗೆ’: ಕೆತ್ತಿದ್ದು ಯಾವುದನ್ನ?

ಬಳಗಕ್ಕೆ ನಮಸ್ಕಾರ.

ಮೊನ್ನೆ ಅಕ್ಕನ ಮಗಳನ್ನು ಬೆಂಗಳೂರಿನ ಒಂದು ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಗಾಜಿನ ಹಿಂದೆ ಮೈಸೂರು ಕಡೆಯ ಹಳೆಯ ಪೆಟ್ಟಿಗೆ. ‘ದಂತ ಕೆತ್ತಿದ ಬೀಟೆ ಮರದ ಪೆಟ್ಟಿಗೆ’ ಎಂದು ಚೀಟಿ. “ಮಾಮ, ದಂತ ಸಪಾಟಾಗಿದೆಯಲ್ಲ, ಕೆತ್ತಿದ್ದೆಲ್ಲಿ?” ಎಂದಳು. ಸರಿಯಾದ ಪ್ರಶ್ನೆಯೇ. ಮರದಲ್ಲಿ ಗುಳಿ ತೋಡಿ ದಂತದ ಚೂರು ಕೂರಿಸಿದ್ದಾರೆ, ಅಷ್ಟೆ.

ಅವಳಿಗೆ ಗೊತ್ತಿದ್ದ ಕೆತ್ತನೆ ಬೇರೆ. ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡದ ಸರ್ಕಾರಿ ಮ್ಯೂಸಿಯಂನಲ್ಲಿ ಆತಕೂರಿನ ಕಲ್ಲು ನೋಡಿದ್ದಳು. ಹತ್ತನೇ ಶತಮಾನದ್ದು, ಕಾಳಿ ಎಂಬ ಬೇಟೆನಾಯಿ ಹಂದಿಯ ಜೊತೆ ಕಾದಾಡಿ ಸತ್ತದ್ದಕ್ಕೆ ನಿಲ್ಲಿಸಿದ್ದು. ಅಲ್ಲಿ ಕಲ್ಲನ್ನೇ ಕಡೆದು ನಾಯಿ ಮಾಡಿದ್ದಾರೆ. ಅದೂ ಕೆತ್ತಿದ್ದೇ, ಇದೂ ಕೆತ್ತಿದ್ದೇ!

ಮಾತಾಡುವಾಗ ನಮಗೆ ಗೊಂದಲ ಆಗುವುದಿಲ್ಲ. ‘ಕಲ್ಲಿನಲ್ಲಿ ನಾಯಿ ಕೆತ್ತಿದರು’, ‘ಉಂಗುರಕ್ಕೆ ಹರಳು ಕೆತ್ತಿಸಿದೆ’. ಆ ‘ಅಲ್ಲಿ’, ಈ ‘ಕ್ಕೆ’ ಅರ್ಥ ಬಿಡಿಸಿಕೊಡುತ್ತವೆ. ‘ಕೆತ್ತಿದ ಪೆಟ್ಟಿಗೆ’ ಎಂದ ಕೂಡಲೇ ಎರಡೂ ಬಿದ್ದುಹೋಗುತ್ತವೆ. ಹರಳಾದರೆ ಪರವಾಗಿಲ್ಲ, ಅದನ್ನು ಯಾರೂ ನಾಯಿ ಮಾಡುವುದಿಲ್ಲ. ದಂತವನ್ನು ಎರಡೂ ಥರ ಮಾಡಬಹುದಲ್ಲ, ಅದಕ್ಕೇ ಪೇಚು. ಕೂರಿಸುವ ಮೊದಲು ಜಾಗ ಕೊರೆಯಲೇಬೇಕು, ಆದ್ದರಿಂದ ಒಂದೇ ಮಾತು ಎರಡಕ್ಕೂ ನಿಂತಿತು ಎಂದು ನನ್ನ ಊಹೆ.

ಬೇರೆ ಪದ ಹುಡುಕಿದೆ. ‘ಹುದುಗಿಸು’ ನನಗೆ ಒಗ್ಗಲಿಲ್ಲ. ಹುದುಗಿದ್ದು ಕಣ್ಣಿಗೆ ಬೀಳಬಾರದು ತಾನೇ? ‘ಜಡಿ’ ಬಿದ್ರಿ ಸಾಮಾನಿಗೆ ಚೆನ್ನಾಗಿ ಒಪ್ಪುತ್ತದೆ. ಸತು, ತಾಮ್ರದ ಬೆರಕೆ ಲೋಹದಲ್ಲಿ ಗೆರೆ ಕೊರೆದು ಬೆಳ್ಳಿ ತಂತಿಯನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಮೊಳೆ ಜಡಿದ ಹಾಗೇ. ಆಮೇಲೆ ಬೀದರ್ ಕೋಟೆಯ ಮಣ್ಣು ಬೆರೆಸಿದ ನೀರಲ್ಲಿ ಅದ್ದಿ ಕಪ್ಪು ಮಾಡುವುದು. ಮರಕ್ಕೆ ದಂತವನ್ನು ಅಂಟಿಸಿ ಕೂರಿಸುತ್ತಿದ್ದರು, ಅದನ್ನು ‘ಜಡಿದರು’ ಎಂದರೆ ಚೂರಾಗಿಹೋಯಿತೇನೋ ಅನಿಸುತ್ತದೆ. ‘ಖಚಿತ’ ಇದೆ, ರತ್ನಖಚಿತ ಸಿಂಹಾಸನ ಕೇಳಿದ್ದೇವೆ. ಆದರೆ ‘ದಂತಖಚಿತ ಪೆಟ್ಟಿಗೆ’ ಎಂದರೆ ಹುಡುಗಿ “ಅಂದ್ರೆ ದಂತ ಇರೋದು ಗ್ಯಾರಂಟಿನಾ?” ಎಂದು ಕೇಳುತ್ತಾಳೆ. ಕೂರಿಸಿದ್ದು ಅಲ್ಲಾಡುವುದಿಲ್ಲ, ಹಾಗೆ ಖಚಿತಕ್ಕೆ ಈಗಿನ ಅರ್ಥ ಬಂತೇನೋ. ಇದು ಸುಮ್ನೆ ಪಕ್ಕದ ಮಾತು.

ಮೈಸೂರಿನ ಕುಶಲಕರ್ಮಿಗಳು ‘ಇನ್‌ಲೇ’ ಎಂದೇ ಹೇಳುತ್ತಾರೆ. ಚೀಟಿಯಲ್ಲೂ ‘ಇನ್‌ಲೇ’ ಬರೆಯಲು ನನ್ನ ತಕರಾರಿಲ್ಲ. ಆದರೂ ನಿಮ್ಮ ಕಡೆಯ ಬಡಗಿಗಳು, ಅಕ್ಕಸಾಲಿಗರು ಈ ಕೆಲಸಕ್ಕೆ ಬೇರೆ ಮಾತು ಆಡುವುದನ್ನು ಕೇಳಿದ್ದೀರಾ? ‘ದಂತ ಕೂರಿಸಿದ ಪೆಟ್ಟಿಗೆ’ ಎಂದರೆ ನಿಮ್ಮ ಕಿವಿಗೆ ತೀರಾ ಸಪ್ಪೆ ಅನಿಸುತ್ತದಾ?